ಹಿಂದಿರುಗಿ ಬಂದವನ ಕೈ

ಅವಳು ಮುಖ ತಿರುಗಿಸಿದ್ದು ಮೊದಲು, ಸಿನಿಮಾ ಪರದೆಯ ಮೇಲೆ ಆ ಮನುಷ್ಯ ಕುದಿಯುವ ನೀರಿಗೆ ಕೈ ಹಾಕಿದ್ದು ಆಮೇಲೆ. ಸೋಮವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ, ಜಜ್ಜಿದ ಕಾರೊಂದರ ಬಾಗಿಲ ಮುಂದೆ ಮಂಡಿಯೂರಿ ಕೂತಾಗಲೂ ಅವನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಹೆದರಿದವರು ನೋಡಿದ ಮೇಲೆ ಮುಖ ತಿರುಗಿಸುತ್ತಾರೆ. ಅವನ ಹೆಂಡತಿ ನೋಡುವ ಮೊದಲೇ ತಿರುಗಿಸಿದ್ದಳು. ಆ ಗಳಿಗೆಯಲ್ಲಿ ಪರದೆಯ ಮೇಲೆ ಹೆದರುವಂಥದ್ದು ಏನೂ ಇರಲಿಲ್ಲ. ಒಂದು ಅಡುಗೆಮನೆ, ಒಲೆಯ ಮೇಲೊಂದು ಪಾತ್ರೆ, ಕಿಟಕಿಯ ಕಡೆ ಮುಖ ಮಾಡಿ ನಿಂತ ಗಂಡಸು, ಮೇಜಿನ ಬಳಿ ಲೋಟ ಒರೆಸುತ್ತಿದ್ದ ಹೆಂಗಸು. ಗಂಡಸು ಇನ್ನೂ ಒಲೆಯ ಕಡೆ ತಿರುಗಿಯೂ ಇರಲಿಲ್ಲ. ಅಷ್ಟರಲ್ಲೇ ಪಕ್ಕದ ಕುರ್ಚಿ ಕಿರ್ರೆಂದಿತು. ನೋಡಿದರೆ ಇವಳು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿ ಕೂತಿದ್ದಾಳೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರ ಹಾಗೆ, ಗಾಬರಿಯಿಲ್ಲದೆ. ಆಮೇಲೆ ಸಭಾಂಗಣದಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರು. ಅವನೂ ಎಳೆದುಕೊಂಡ. ಅವಳೊಬ್ಬಳು ಎಳೆದುಕೊಳ್ಳಲಿಲ್ಲ.

"ನಿನ್ನೆ ಸಂಜೆ ರಿವರ್ಸ್ ತಗೊಳ್ವಾಗ ಕಂಬಕ್ಕೆ ತಾಗ್ತು ಸರ್," ಎಂದು ಕಾರಿನ ಒಡತಿ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು. ಕೆಲಸಕ್ಕೆ ಹೊತ್ತಾಗುತ್ತಿದೆಯೆಂದು ಗಳಿಗೆಗೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಅನುಮಾನ ಪಡುವುದೇ ಅವನ ಕೆಲಸ. ವಿಮಾ ಕಂಪನಿಯ ಸರ್ವೇಯರ್. ಗುದ್ದಿದ, ಉಜ್ಜಿದ, ಉರುಳಿದ ವಾಹನಗಳನ್ನು ನೋಡಿ, ಒಡೆಯರು ಹೇಳುವ ಕಥೆಗೂ ತಗಡು ಹೇಳುವ ಕಥೆಗೂ ತಾಳೆಯಾಗುತ್ತದೆಯೇ ಎಂದು ವರದಿ ಬರೆಯುವವನು. ನಮ್ಮ ಅಳಿಯ ಕಾರಿನ ಬಾಯನ್ನೂ ಬಿಡಿಸ್ತಾನೆ ಎಂದು ಅವನ ಮಾವ ನೆಂಟರ ಮುಂದೆ ಹೇಳಿಕೊಂಡು ನಗುತ್ತಿದ್ದರು. ಅದರಲ್ಲಿ ಹೆಮ್ಮೆ ಎಷ್ಟು, ಕೊಂಕು ಎಷ್ಟು ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ, ಅವರು ತೀರಿಕೊಂಡರು. ಅವನು ಹೆಬ್ಬೆರಳ ಉಗುರಿನಿಂದ ಗೀರಿನ ಅಂಚನ್ನು ಕೆರೆದ. ಕಂದು ಪುಡಿ ಉಗುರಿಗೆ ಹತ್ತಿತು.

"ನಿನ್ನೆನಾ?"

"ನಿನ್ನೆನೇ."

"ಒಂದೇ ದಿನಕ್ಕೆ ಇಷ್ಟು ತುಕ್ಕು ಹಿಡಿಯಲ್ಲ ಮೇಡಂ."

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಸುಳ್ಳು ಸಿಕ್ಕಿಬಿದ್ದಾಗ ಸಾಮಾನ್ಯವಾಗಿ ಅವನಿಗೆ ಒಂದು ಸಣ್ಣ ತೃಪ್ತಿಯಾಗುತ್ತಿತ್ತು, ಹಲ್ಲಿನ ಸಂದಿಗೆ ಸಿಕ್ಕಿದ್ದು ಕೊನೆಗೂ ಹೊರಬಂದ ಹಾಗೆ. ಇವತ್ತು ಆಗಲಿಲ್ಲ. ಅವಳು ಕೈಚೀಲವನ್ನು ಎದೆಗವಚಿಕೊಂಡು, "ನೀವು ಮನೇಲೂ ಹೀಗೇ ಕೇಳ್ತೀರಾ?" ಎಂದಳು. ಕಾರಿನ ಅಡಿಯಲ್ಲಿ ಮಲಗಿದ್ದ ಮೆಕ್ಯಾನಿಕ್ಕು ಕಿಸಕ್ಕೆಂದ. ಕಾಲುಗಳು ಮಾತ್ರ ಕಾಣುತ್ತಿದ್ದವು. ಆ ಕಾಲುಗಳೇ ನಕ್ಕಂತಾಯಿತು.

ಹೌದು, ಕೇಳಿದ್ದ. ಭಾನುವಾರ ಮಧ್ಯಾಹ್ನ, ಸಭಾಂಗಣದ ಬಾಗಿಲಲ್ಲಿ. ಆಗ ಅನುಮಾನವೇನೂ ಇರಲಿಲ್ಲ, ಬರೀ ಮಾತಿಗೆ ಕೇಳಿದ್ದು. ಗೋಡೆಗೆ ಅಂಟಿಸಿದ್ದ ಹಳೆಯ ಪೋಸ್ಟರಿನಲ್ಲಿ, ಉಪ್ಪಿನ ಬಯಲೊಂದರ ನಡುವೆ ಒಂಟಿ ಮನೆ, ಮನೆಯ ಮುಂದೆ ಆಕಾಶಯಾನದ ಉಡುಪಿನಲ್ಲಿ ನಿಂತ ಗಂಡಸು. "ನೀನು ಇದನ್ನ ನೋಡಿದ್ದೀಯಾ?" ಎಂದಿದ್ದ. ಅವಳು ಅವನ ಮುಖವನ್ನೇ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿ, "ಇಲ್ಲ. ನೀವು?" ಎಂದಿದ್ದಳು. "ನನಗೆಲ್ಲಿ ಪುರುಸೊತ್ತು," ಎಂದು ಅವನು ಒಳಗೆ ನಡೆದಿದ್ದ. ಈಗ ಆ ನೋಟವನ್ನು ಹಿಡಿದು ತಿರುವಿ ಮುರುವಿ ನೋಡಿದ. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಎಂಬುದು ಹೊಸಬರ ನಂಬಿಕೆ. ಪಳಗಿದವರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ನಂಬಿದರೋ ಇಲ್ಲವೋ ಎಂದು.

ಚಿತ್ರಕ್ಕೆ ಕರೆದದ್ದು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಕಟ್ಟುಹಲ್ಲು ಮಾಡುತ್ತಾಳೆ. ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಬಾಯಿಯ ಒಡೆಯನ ವಯಸ್ಸಿಗೆ ತಕ್ಕಂತೆ ಅದಕ್ಕೆ ತುಸು ಹಳದಿ, ತುಸು ಸವೆತ ಕೊಡುತ್ತಾಳೆ. ತೀರಾ ಬೆಳ್ಳಗೆ ಮಾಡಿದ್ರೆ ಯಾರೂ ನಂಬಲ್ಲ ರೀ ಎನ್ನುತ್ತಾಳೆ. ಡಾಕ್ಟರಿಗೆ ಹಳೆಯ ಚಿತ್ರಗಳ ಹುಚ್ಚು, ಸಿನಿಮಾ ಸಂಘದ ಅಧ್ಯಕ್ಷರೂ ಅವರೇ. ಭಾನುವಾರ ಎರಡು ಸಾಲು ಮುಂದೆ ಕೂತಿದ್ದರು. ಚಿತ್ರದ ನಡುವೆ ಒಮ್ಮೆ ಹಿಂದಿರುಗಿ ನೋಡಿದ್ದರು. ಯಾರನ್ನು? ಆಗ ಅದು ಗಮನಕ್ಕೆ ಬಂದಿರಲೇ ಇಲ್ಲ. ಈಗ ನೆನಪಿನಲ್ಲಿ ಅವರ ಬೋಳುತಲೆ ಮತ್ತೆ ಮತ್ತೆ ನಿಧಾನವಾಗಿ ತಿರುಗತೊಡಗಿತು, ಪ್ರತಿ ಸಲವೂ ಇನ್ನಷ್ಟು ಹೊತ್ತು.

ಕಥೆ ಎನ್ನುವಂಥದ್ದು ಆ ಚಿತ್ರದಲ್ಲಿ ಹೆಚ್ಚಿರಲಿಲ್ಲ. ಸತ್ತ ಗ್ರಹವೊಂದಕ್ಕೆ ಮೂವರು ಹೋಗುತ್ತಾರೆ, ಒಬ್ಬನೇ ಮರಳುತ್ತಾನೆ. ಬಂದವನಿಗೆ ಎಲ್ಲ ನೆನಪಿದೆ: ಹೆಂಡತಿಯ ಹುಟ್ಟುಮಚ್ಚೆ, ಬಾಗಿಲ ಚಿಲಕದ ಮೊಂಡಾಟ, ಸತ್ತುಹೋದ ನಾಯಿಯ ಹೆಸರು. ಹೋಗುವ ಮುಂಚೆ ಸಿಡುಕ, ಬಂದ ಮೇಲೆ ಸಾಧು. ಹಾಸಿಗೆ ಮಡಿಸುತ್ತಾನೆ, ಅವಳ ಮಾತು ಮುಗಿಯುವವರೆಗೆ ಕಾಯುತ್ತಾನೆ. ಒಂದು ಬೆಳಿಗ್ಗೆ ಕುದಿಯುವ ನೀರಿನೊಳಗೆ ಬಿದ್ದ ಚಮಚೆಯನ್ನು ಬರಿಗೈ ಹಾಕಿ ತೆಗೆದು ಅವಳಿಗೆ ಕೊಡುತ್ತಾನೆ, ನಗುತ್ತಾನೆ. ಮರುದಿನ ಕೈಯಲ್ಲಿ ಬೊಬ್ಬೆ. ಕೊನೆಗೆ ಹಿತ್ತಿಲ ಕೊಟ್ಟಿಗೆಯಲ್ಲಿ ಅವಳು ಹಳೆಯ ರೇಡಿಯೋ ಹಾಕಿದಾಗ ದೂರದಿಂದ ಗಂಡನದೇ ದನಿ ಕೇಳಿಸುತ್ತದೆ, ಹಳೆಯ ಸಿಡುಕಿನದು: ನಾನಿನ್ನೂ ಇಲ್ಲೇ ಇದ್ದೇನೆ, ಯಾರಾದರೂ ಕೇಳುತ್ತಿದ್ದೀರಾ? ಅದು ಹಿಂದೆಂದೋ ಹೊರಟು ಈಗ ಬಂದು ತಲುಪಿದ ದನಿಯೋ, ಈಗಲೂ ಅಲ್ಲಿರುವವನ ದನಿಯೋ, ಚಿತ್ರ ಹೇಳುವುದಿಲ್ಲ. ಅವಳು ರೇಡಿಯೋ ಆರಿಸಿ, ಒಳಗೆ ಹೋಗಿ ಊಟಕ್ಕೆ ತಟ್ಟೆ ಇಡುತ್ತಾಳೆ. ಮುಗಿಯಿತು. ದೀಪ ಹತ್ತಿತು. ಇಷ್ಟಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆಮೇಲೆ ಚರ್ಚೆ. ಬಂದವನು ನಿಜವಾದ ಗಂಡನೋ ಅಲ್ಲವೋ ಎಂದು ಡಾಕ್ಟರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಅವನ ಸರದಿ ಬಂದಾಗ, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಕೈಗೆ ಬೊಬ್ಬೆ ಬಂತಲ್ಲ. ಬೊಬ್ಬೆ ಬಂದಮೇಲೆ ಮನುಷ್ಯನೇ," ಎಂದ. ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ಕ್ಲೇಮ್ ಪಾಸ್!" ಎಂದರು. ಸಭೆಯೆಲ್ಲ ನಕ್ಕಿತು. ನಗುವುದು ಸರಿ, ಅವಳೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ತನ್ನ ಕೆಲಸ ಇಂಥದ್ದೆಂದು ಹಿಂದಿನ ಸಾಲಿನವನಿಗೆ ಹೇಳಿದವರಾರು? ಅವಳ ಸರದಿ ಬಂದಾಗ ಅವಳು ಕೂತಲ್ಲಿಂದಲೇ, ಯಾರನ್ನೂ ನೋಡದೆ ಹೇಳಿದಳು: "ಬಂದವನು ಒಳ್ಳೆಯವನಾಗಿ ಬಂದ, ಅದಕ್ಕೇ ಅವಳಿಗೆ ಅನುಮಾನ. ಕೆಟ್ಟವನಾಗಿ ಬಂದಿದ್ರೆ ಯಾರಿಗೂ ಅನುಮಾನ ಬರ್ತಿರಲಿಲ್ಲ. ಗಂಡಸರು ಬದಲಾಗ್ತಾರೆ ಅಂದ್ಕೊಂಡು ಸುಮ್ಮನಾಗ್ತಿದ್ಲು." ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಸಲ ನೋಡಿದವಳ ಮಾತಲ್ಲ ಅದು, ಎಂದುಕೊಂಡ ಅವನು. ಮನಸ್ಸಿನಲ್ಲಿ ಬಹಳ ದಿನ ಬೇಯಿಸಿದ ಮಾತು.

ಬ್ಯಾಂಕಿನ ಹೆಂಗಸಿನ ಕಾರಿನ ವರದಿ ಬರೆಯದೆ ಕಚೇರಿಗೆ ಬಂದವನು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೆ ಕಂಪ್ಯೂಟರಿನಲ್ಲಿ ಆ ಚಿತ್ರವನ್ನು ಹುಡುಕಿದ. ಹಳೆಯದು, ಯಾರೋ ಅಂತರ್ಜಾಲದಲ್ಲಿ ಪುಕ್ಕಟೆ ಹಾಕಿದ್ದರು. ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ನೇರ ಆ ಅಡುಗೆಮನೆಗೆ ಹೋದ. ಅವನಿಗೆ ಬೇಕಾಗಿದ್ದುದು ಒಂದೇ: ಕೈ ಹಾಕುವ ಮುನ್ನ ಚಿತ್ರ ಏನಾದರೂ ಸೂಚನೆ ಕೊಡುತ್ತದೆಯೇ? ಸಂಗೀತ ಏರುತ್ತದೆಯೇ, ನೆರಳು ಹಾಯುತ್ತದೆಯೇ? ಕೊಟ್ಟರೆ ಹೆಂಡತಿ ನಿರಪರಾಧಿ. ನೋಡಿದ. ಸಂಗೀತವಿಲ್ಲ. ಮತ್ತೆ ನೋಡಿದ. ನೀರು ಕುದಿಯುವ ಸದ್ದು ಮೊದಲಿನಿಂದಲೂ ಒಂದೇ ಸಮ. ಮತ್ತೆ ಹಿಂದಕ್ಕೆ ಓಡಿಸಿದ. ಹೀಗೆ ನೋಡುತ್ತಾ ನೋಡುತ್ತಾ, ಯಾವುದೋ ಒಂದು ಸಲಕ್ಕೆ, ಗಂಡಸನ್ನು ಬಿಟ್ಟು ಮೇಜಿನ ಬಳಿಯ ಹೆಂಗಸಿನ ಕಡೆ ಅವನ ಕಣ್ಣು ಹೋಯಿತು. ಅವಳು ಲೋಟ ಒರೆಸುತ್ತಿದ್ದಾಳೆ. ಚಮಚೆ ಪಾತ್ರೆಗೆ ಬೀಳುವುದು ಕೈಜಾರಿ ಅಲ್ಲ. ಅವಳೇ, ಒಲೆ ದಾಟುವಾಗ, ಮೊಣಕೈಯಿಂದ ತಳ್ಳಿದ್ದಾಳೆ. ತಳ್ಳಿ, ಮೇಜಿನ ಬಳಿಗೆ ಬಂದು, ಲೋಟ ಒರೆಸುವ ನೆಪದಲ್ಲಿ ಕಾಯುತ್ತಿದ್ದಾಳೆ. ಗಂಡಸು ಒಲೆಯ ಕಡೆ ತಿರುಗಿದಾಗ ಅವಳ ಬಟ್ಟೆ ಹಿಡಿದ ಕೈ ನಿಲ್ಲುತ್ತದೆ. ಬೇಡ ಎನ್ನಬಹುದಿತ್ತು. ಬಾಯಿ ತೆರೆದು, ಮುಚ್ಚುತ್ತಾಳೆ. ಸುಡುತ್ತದೋ ಇಲ್ಲವೋ ಅವಳಿಗೆ ನೋಡಬೇಕಿತ್ತು.

ಅವನಿಗೆ ಭಾನುವಾರ ಸಭೆಯೆಲ್ಲ ಚಪ್ಪಾಳೆ ಹೊಡೆದದ್ದು ಯಾತಕ್ಕೆಂದು ಈಗ ತಿಳಿದಂತಾಯಿತು. ಮೊದಲಿನಿಂದ ಹಾಕಿ ನೋಡಿದ. ಉಪ್ಪಿನ ಬಯಲು ಈಗ ಬರೀ ಬಯಲಲ್ಲ. ಅಲ್ಲಿ ಒಂದು ಹೆಜ್ಜೆಯಿಟ್ಟರೂ ಗುರುತು ಉಳಿಯುತ್ತದೆ, ಮರೆಮಾಚುವ ಹಾಗಿಲ್ಲ. ಆ ಹೆಂಗಸು ಗಂಡನ ಹೆಜ್ಜೆಗುರುತನ್ನೂ ಬಗ್ಗಿ ನೋಡುತ್ತಾಳೆ. ಚಿತ್ರವೆಲ್ಲ ಅವಳು ನೋಡುತ್ತಲೇ ಇದ್ದಾಳೆ, ಬಂದವನು ಮಾತ್ರ ಅವಳನ್ನು ಒಮ್ಮೆಯೂ ಅಳೆಯುವುದಿಲ್ಲ. ಇಬ್ಬರಲ್ಲಿ ಬೇರೆ ಗ್ರಹದವರು ಯಾರು? ಒಂದು ಮಾತಂತೂ ಅವಳ ತುಟಿಯಿಂದ ಬರುವ ಮೊದಲೇ ಅವನ ಬಾಯಿಗೆ ಬಂತು. ನಿನ್ನೆ ತಾನೇ ಕೇಳಿದ್ದಲ್ಲವೇ ಎಂದುಕೊಂಡ. ಇಷ್ಟೆಲ್ಲ ಹೊಳೆದರೂ ಆ ಹೊಳಹು ಅವನನ್ನು ತಡೆಯಲಿಲ್ಲ. ಊಟ ಮುಗಿಸಿ ಬಂದ ಮ್ಯಾನೇಜರು, "ಏನ್ರೀ, ಸಿನಿಮಾನಾ?" ಎಂದು ಹೆಗಲ ಮೇಲಿಂದ ಬಗ್ಗಿದಾಗ, "ಇಲ್ಲ ಸರ್, ಒಂದು ಕೇಸು," ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಸೂಚನೆ ಇಲ್ಲ. ಅವಳು ಮೊದಲೇ ನೋಡಿದ್ದಾಳೆ. ನೋಡಿಲ್ಲ ಎಂದು ಸುಳ್ಳು ಹೇಳಿದ್ದಾಳೆ. ಯಾರ ಜೊತೆ ನೋಡಿದ್ದಾಳೋ ಅವರಿಗಾಗಿ ಹೇಳಿದ್ದಾಳೆ.

ಮಂಗಳವಾರ ಸಂಜೆಯ ಹೊತ್ತಿಗೆ ಅವನು ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದ. ಹಲ್ಲುನೋವೆಂದು ಹೇಳಿ ಬಂದಿದ್ದ. ಅಡ್ಡಾದಿಡ್ಡಿ ಮಾತಾಡಿಸಿ ಬಾಯಿ ಬಿಡಿಸುವುದು ಅವನಿಗೆ ಹೊಸತೇನಲ್ಲ, ಆದರೆ ಬಾಯಿ ಬಿಟ್ಟುಕೊಂಡು ಮಲಗಬೇಕಾದವನು ತಾನೇ ಎಂಬುದನ್ನು ಯೋಚಿಸಿರಲಿಲ್ಲ. ದೊಡ್ಡ ದೀಪ ಕಣ್ಣಿಗೆ ರಾಚುತ್ತಿತ್ತು. ಡಾಕ್ಟರು ಒಂದು ಕನ್ನಡಿ, ಒಂದು ಕೊಕ್ಕೆ, ಎಂಜಲು ಹೀರುವ ಕೊಳವೆ, ಮೂರನ್ನೂ ಒಟ್ಟಿಗೆ ಬಾಯೊಳಗೆ ತುರುಕಿ, "ಭಾನುವಾರ ನೀವು ಬಂದಿದ್ದು ಬಹಳ ಸಂತೋಷ," ಎಂದರು.

"ಆ ಹಿನಿಮಾ ನೀಉ ಮೊದ್ಲೇ..." ಎಂದ ಅವನು.

"ನೋವಾದ್ರೆ ಕೈ ಎತ್ತಿ, ಮಾತಾಡ್ಬೇಡಿ. ಇದಾ ಹಲ್ಲು?"

"ಹೂಂ. ಅಲ್ಲ. ಮೊದ್ಲೇ ನೋಇದ್ರಾ?"

"ನೋವಿದ್ಯಾ? ಎಲ್ಲಿ?" ಡಾಕ್ಟರು ಇನ್ನೊಂದು ಹಲ್ಲನ್ನು ಕುಟ್ಟಿದರು. ಕುಟ್ಟುತ್ತಲೇ ತಾವಾಗಿಯೇ ಮಾತು ತೆಗೆದರು. "ನಿಮ್ಮ ಹತ್ರ ಮುಚ್ಚುಮರೆ ಏನು, ನಾನು ಸಂಘದ ಅಧ್ಯಕ್ಷ ಅಂತ ಹೆಸರಿಗೆ. ಅದೆಷ್ಟು ದೊಡ್ಡ ಚಿತ್ರ, ಎಲ್ಲಾ ಪುಸ್ತಕದಲ್ಲೂ ಬರೀತಾರೆ. ನಾನು ಅದನ್ನ ನೋಡಿದ್ದು ನಿನ್ನೆ ಮೊನ್ನೆ, ನಿಮ್ಮ ಜೊತೆಗೇ. ಅರ್ಧಕ್ಕೆ ನಿದ್ದೆ ಬಂದ್ಬಿಡ್ತು. ಗೊರಕೆ ಹೊಡೆದ್ನಾ ಅಂತ ಹಿಂದೆ ತಿರುಗಿ ನೋಡ್ದೆ, ಯಾರೂ ನಗ್ತಿರಲಿಲ್ಲ. ಬಚಾವು. ಅಂದಹಾಗೆ ಅದನ್ನ ಹಾಕಿ ಅಂತ ಹೇಳಿದ್ದೇ ನಿಮ್ಮ ಮನೆಯವರು."

ಅವನು ಕೈ ಎತ್ತಿದ. ನೋವಿಗಲ್ಲ. ಡಾಕ್ಟರು ಎಲ್ಲವನ್ನೂ ಹೊರಗೆ ತೆಗೆದು, "ನಿಮಗೆ ಯಾವ ಹಲ್ಲೂ ಹಾಳಾಗಿಲ್ಲವಲ್ಲ. ಕಲ್ಲಿನಂಗಿದೆ," ಎಂದರು. ಆ ಹೊತ್ತಿಗೆ ಹಿಂದಿನ ಬಾಗಿಲು ತೆರೆದು ಹೆಂಡತಿ ಬಂದಳು. ಮೊಣಕೈವರೆಗೆ ಬಿಳಿಯ ಗಾರೆ, ಒಂದು ಕೈಯಲ್ಲಿ ಯಾರದೋ ಕೆಳದವಡೆಯ ಅಚ್ಚು. ದೀಪದ ಕೆಳಗೆ, ಕೊರಳಿಗೆ ಕಾಗದದ ಬಿಬ್ಬು ಕಟ್ಟಿಸಿಕೊಂಡು, ಗಲ್ಲದ ಮೇಲೆ ಜೊಲ್ಲು ಇಳಿಸಿಕೊಂಡು ಮಲಗಿದ್ದ ಗಂಡನನ್ನು ನೋಡಿದಳು. ಆಮೇಲೆ ಡಾಕ್ಟರನ್ನು ನೋಡಿದಳು. ಮತ್ತೆ ಗಂಡನನ್ನು. ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಮುಖ ಒರೆಸಿಕೊಂಡ.

"ಯಾವ ಹಲ್ಲು ನೋವು ನಿಮಗೆ?" ಎಂದಳು.

ಅವನು ಯಾವುದೋ ಒಂದನ್ನು ತೋರಿಸಿದ.

"ಕೈ ತೊಳ್ಕೊಂಡು ಬರ್ತೀನಿ, ಒಟ್ಟಿಗೆ ಹೋಗೋಣ."

ದಾರಿಯಲ್ಲಿ ಕೆಲಸ ಬಿಟ್ಟು ಮನೆಗೆ ಹೋಗುವ ಜನ ಎದುರಿಗೆ ಬರುತ್ತಿದ್ದರು. ಯಾರಿಗಾದರೂ ದಾರಿ ಬಿಡಬೇಕಾದಾಗ ಇಬ್ಬರೂ ಬೇರೆ ಬೇರೆ ಪಕ್ಕಕ್ಕೆ ಸರಿದು ಮತ್ತೆ ಕೂಡಿಕೊಳ್ಳುತ್ತಿದ್ದರು. ಔಷಧಿ ಅಂಗಡಿ ದಾಟಿದ ಮೇಲೆ ಅವಳು, "ಕೇಳಿ. ಏನು ಕೇಳ್ಬೇಕೋ ನನ್ನನ್ನ ಕೇಳಿ," ಎಂದಳು.

"ನೀನು ಆ ಸಿನಿಮಾ ಮೊದಲೇ ನೋಡಿದ್ದೆ."

"ಹೌದು."

"ನೋಡಿಲ್ಲ ಅಂದೆ."

"ಹೌದು."

ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಅವನ ಕಾಲಡಿಯ ಹಲಗೆಯನ್ನೇ ಎಳೆದಂತಾಯಿತು. "ಯಾರ ಜೊತೆ?" ಎಂದ. ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬಳು ತಿರುಗಿ ನೋಡಿದಳು.

"ನಿಮ್ಮ ಜೊತೆ," ಎಂದಳು ಅವಳು.

ಅವನು ನಿಂತ. ಅವಳೂ ನಿಂತಳು, ಒಂದು ಹೆಜ್ಜೆ ಮುಂದೆ. "ಮದುವೆಯಾದ ಹೊಸದರಲ್ಲಿ. ಆ ಒಂದೇ ಕೋಣೆ ಮನೇಲಿ. ಮಂಚ ಇನ್ನೂ ಬಂದಿರಲಿಲ್ಲ, ಹಾಸಿಗೆ ಗೋಡೆಗೆ ಒರಗಿಸಿ ಕೂತಿದ್ವಿ. ನೀವು ಓದೋವಾಗ ಅದನ್ನ ನೋಡಿದ್ರಂತೆ. ಇದಕ್ಕಿಂತ ಒಳ್ಳೇ ಸಿನಿಮಾ ಇಲ್ಲ, ನಿನಗೆ ತೋರಿಸ್ಲೇಬೇಕು ಅಂತ ಯಾರ ಹತ್ರನೋ ಕ್ಯಾಸೆಟ್ಟು ತಂದಿದ್ರಿ. ಅಡುಗೆಮನೆ ಬಂದಾಗ, ಅವನು ಇನ್ನೂ ಕಿಟಕಿ ಹತ್ರ ನಿಂತಿರೋವಾಗಲೇ, ಇದು ನಿನಗೆ ಬೇಡ ಅಂತ ನನ್ನ ಕಣ್ಣು ಮುಚ್ಚಿದ್ರಿ. ಅದು ಮುಗಿಯೋವರೆಗೂ ಕೈ ತೆಗೀಲಿಲ್ಲ. ಆಮೇಲೆ ಆ ಹೆಂಗಸಿನ ಬಗ್ಗೆ ಬೆಳಗಾಗೋವರೆಗೂ ಮಾತಾಡಿದ್ರಿ. ಭಾನುವಾರ ನಾನು ಹೇಳಿದ್ದೂ ನಿಮ್ಮ ಮಾತೇ."

ಆ ಕೋಣೆ ಅವನಿಗೆ ಚೆನ್ನಾಗಿ ನೆನಪಿತ್ತು. ಸೋರುವ ನಲ್ಲಿಗೆ ಸುತ್ತಿದ ದಾರ, ತಿರುಪು ಕಳೆದುಹೋದ ಟೀವಿಯನ್ನು ಇಕ್ಕಳದಿಂದ ತಿರುಗಿಸುತ್ತಿದ್ದುದು, ಕೆಳಗಿನ ಮನೆಯವನ ಕೆಮ್ಮು. ಎಲ್ಲ ಇತ್ತು. ಆ ಕೋಣೆಯೊಳಗೆ ಆ ಸಂಜೆ ಮಾತ್ರ ಇರಲಿಲ್ಲ. ಗೋಡೆಗೆ ಒರಗಿಸಿದ ಹಾಸಿಗೆಯನ್ನು ಕಂಡ. ಅದರ ಮೇಲೆ ಕೂತ ಅವಳನ್ನೂ ಕಂಡ. ಅವಳ ಪಕ್ಕದ ಜಾಗ ಖಾಲಿಯಿತ್ತು.

"ಬಾಗಿಲಲ್ಲಿ ನೀವು ನೋಡಿದ್ದೀಯಾ ಅಂತ ಕೇಳಿದ್ರಲ್ಲ," ಎಂದಳು ಅವಳು, "ತಮಾಷೆ ಅಂದ್ಕೊಂಡೆ. ಈಗ ನಗ್ತೀರಿ, ಈಗ ನಗ್ತೀರಿ ಅಂತ ಮುಖ ನೋಡ್ದೆ. ನಗಲಿಲ್ಲ. ಅದಕ್ಕೇ ಇಲ್ಲ ಅಂದೆ. ಡಾಕ್ಟರ ಹತ್ರ ಹೇಳಿ ಅದನ್ನ ಹಾಕಿಸಿದ್ದೇ ನಿಮಗೋಸ್ಕರ."

ಅವನಿಗೆ ಅವಳ ಭುಜ ಹಿಡಿಯಬೇಕೆನಿಸಿತು. ಅದೇ ಹೊತ್ತಿಗೆ, ಅವನ ಅಪ್ಪಣೆಗೂ ಕಾಯದೆ, ಇನ್ನೊಂದು ಕೆಲಸವೂ ಒಳಗೆ ಶುರುವಾಗಿತ್ತು. ಸಿಕ್ಕಿಬಿದ್ದವರು ಕಟ್ಟುವ ಕಥೆಗಳಲ್ಲಿ ಇದಕ್ಕಿಂತ ಚಂದದ್ದು ಯಾವುದು? ಸಾಕ್ಷಿ ಅವನೊಬ್ಬನೇ, ಸಾಕ್ಷಿಗೆ ನೆನಪಿಲ್ಲ. ಕೇಳಬಾರದು ಎಂದು ಗೊತ್ತಿದ್ದೇ ಕೇಳಿದ.

"ಯಾವ ಕೈಯಲ್ಲಿ?"

"ಏನು?"

"ಕಣ್ಣು ಮುಚ್ಚಿದ್ದು. ಯಾವ ಕೈಯಲ್ಲಿ?"

ಅವಳು ಅವನನ್ನು ನೋಡಿದಳು. ಸಿಟ್ಟು ಬರುತ್ತದೆಂದು ಅವನು ಕಾದ. ಬರಲಿಲ್ಲ. "ಎಡಗೈ," ಎಂದಳು. "ಬಲಗೈ ನನ್ನ ಹೆಗಲ ಮೇಲಿತ್ತು." ಅವನು ಮನಸ್ಸಿನಲ್ಲೇ ಅವಳನ್ನು ತನ್ನ ಬಲಕ್ಕೆ ಕೂರಿಸಿದ, ಬಲತೋಳನ್ನು ಅವಳ ಹೆಗಲ ಸುತ್ತ ಹಾಕಿದ, ಎಡಗೈಯನ್ನು ಮುಂದಿನಿಂದ ತಂದು ಅವಳ ಕಣ್ಣಿನ ಮೇಲಿಟ್ಟ. ತಾಳೆಯಾಯಿತು.

"ಸರಿಹೋಯ್ತಾ?" ಎಂದಳು ಅವಳು, ಅಷ್ಟು ಹೊತ್ತೂ ಅವನ ಮುಖವನ್ನೇ ನೋಡುತ್ತಿದ್ದವಳು.

"ಹೋಯ್ತು," ಎಂದ. ಹೇಳಿದ ಮೇಲೆ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅವಳು ಮುಂದೆ ನಡೆದಳು. ಅವನು ಹಿಂದೆ.

ಮನೆಗೆ ಬಂದು ಚಹಾ ಮಾಡಿದಳು, ಇಬ್ಬರಿಗೂ ಮಾಡಿದಳು. ಲೋಟ ಅವನ ಮುಂದಿಟ್ಟು, ಉಗುರಿನ ಸಂದಿಯಲ್ಲಿ ಉಳಿದಿದ್ದ ಗಾರೆಯನ್ನು ಕೆರೆಯುತ್ತಾ, "ಹಾಕಿ ಅದನ್ನ," ಎಂದಳು. "ಆ ಒಂದು ಸೀನ್ ನಾನು ಇವತ್ತಿನವರೆಗೂ ನೋಡಿಲ್ಲ. ಆ ಜಾಗ ಬಂದ್ರೆ ಕಣ್ಣು ತಾನಾಗೇ ಮುಚ್ಕೊಳ್ಳುತ್ತೆ. ನೋಡ್ಬಿಡ್ತೀನಿ." ಹೊರಗೆ ಇನ್ನೂ ಬೆಳಕಿತ್ತು, ಅವನು ಎದ್ದು ಕಿಟಕಿಯ ಪರದೆ ಎಳೆದು, ಕಂಪ್ಯೂಟರನ್ನು ಮೇಜಿನ ಮೇಲೆ ತಿರುಗಿಸಿಟ್ಟ. ಅವಳು ಬಂದು ಅವನ ಬಲಕ್ಕೆ ಕೂತಳು. ಬೇಕೆಂದೇ ಕೂತಳೋ, ಇನ್ನೊಂದು ಕುರ್ಚಿ ಅಲ್ಲಿತ್ತೆಂದು ಕೂತಳೋ.

ಅಡುಗೆಮನೆ ಬಂತು. ಪಾತ್ರೆ, ಕಿಟಕಿ, ಲೋಟ ಒರೆಸುವ ಹೆಂಗಸು. ಆ ಗಳಿಗೆ ಎಲ್ಲಿ ಬರುತ್ತದೆಂದು ಈಗ ಅವನಿಗೆ ಉಸಿರಿನಷ್ಟು ಚೆನ್ನಾಗಿ ಗೊತ್ತಿತ್ತು. ಗಂಡಸಿನ ಬೆನ್ನು ಇನ್ನೂ ಅಲ್ಲಾಡಿರಲಿಲ್ಲ. ಅವನ ಎಡಗೈ ಮೇಜಿನಿಂದ ಎದ್ದಿತು. ಎತ್ತಬೇಕೆಂದು ಯೋಚಿಸಿರಲಿಲ್ಲ. ಅದು ನೆನಪಿನಿಂದ ಎದ್ದ ಕೈಯೋ, ದಾರಿಯಲ್ಲಿ ಕೇಳಿದ ಕಥೆಯಿಂದ ಎದ್ದ ಕೈಯೋ ಎಂದು ಅವನು ಆಗಲೇ ಕೇಳಿಕೊಳ್ಳತೊಡಗಿದ್ದ. ಅವಳು ಆ ಕೈಯನ್ನು ಅರ್ಧದಾರಿಯಲ್ಲಿ ಹಿಡಿದು ತನ್ನ ತೊಡೆಯ ಮೇಲೆ ಇಳಿಸಿ, "ಬೇಡ," ಎಂದಳು. ಕಣ್ಣು ಅಗಲ ಬಿಟ್ಟು ನೋಡಿದಳು. ಅವನು ಪರದೆ ನೋಡಲಿಲ್ಲ, ಅವಳ ಮುಖ ನೋಡಿದ. ಜೀವಮಾನವೆಲ್ಲ ಗಾಯ ಹೊಸದೋ ಹಳೆಯದೋ ಎಂದು ಓದಿದ ಕಣ್ಣು. ಮೊದಲ ಸಲ ನೋಡುವವರ ಮುಖ ಹೇಗಿರುತ್ತದೆಂದು ಅದಕ್ಕೆ ಗೊತ್ತಿರಬೇಕಿತ್ತು. ಪರದೆಯ ಬೆಳಕು ಅವಳ ಕೆನ್ನೆಯ ಮೇಲೆ ಅಲುಗಿತು. ಹುಬ್ಬು ಒಂದಿಷ್ಟು ಕೂಡಿತು, ಬಿಟ್ಟಿತು. ಅವನಿಗೆ ಏನೂ ತಿಳಿಯಲಿಲ್ಲ.

"ಇಷ್ಟೇನಾ?" ಎಂದಳು ಅವಳು.

ಯಾವುದಕ್ಕೆ ಹೇಳಿದೆ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಪರದೆಯ ಮೇಲೆ ಹೆಂಗಸು ತಣ್ಣೀರಿನ ಬಟ್ಟೆ ತಂದು ಬಂದವನ ಕೈಗೆ ಸುತ್ತುತ್ತಿದ್ದಳು; ಇಬ್ಬರೂ ಅದನ್ನು ನೋಡುತ್ತಾ ಕೂತರು, ಯಾರೂ ನಿಲ್ಲಿಸಲಿಲ್ಲ. ಅವನ ಎಡಗೈಯನ್ನು ಅವಳಿನ್ನೂ ಬಿಟ್ಟಿರಲಿಲ್ಲ. ಹಿಡಿದುಕೊಂಡಿದ್ದಾಳೋ, ಮತ್ತೆ ಏಳದಂತೆ ಒತ್ತಿಟ್ಟಿದ್ದಾಳೋ.